ಟಾಕಿಗೆ ಕಿವಿ ಕೊಟ್ಟವರು

ಮಿಸ್ತ್ರಿಯವರ ಬಲಗಿವಿಗೆ ಸದಾ ಮಣ್ಣು ಹತ್ತಿರುತ್ತಿತ್ತು. ಗಾಡಿಯ ಕೆಳಗೆ ಮಗ್ಗುಲಾಗಿ ತೂರಿಕೊಂಡು, ಒಂದು ಕಿವಿಯನ್ನು ಪೆಟ್ರೋಲ್ ಟಾಕಿಗೆ ಒತ್ತಿ ಕೇಳುವುದು ಅವರ ರೂಢಿ. ಇನ್ನೊಂದು ಕಿವಿ ನೆಲದ ಪಾಲು.

ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಹಿಂದೆ ಅವರದೊಂದು ತಗಡಿನ ಶೆಡ್ಡು. ತಮ್ಮೆದುರು ಕೆಡದ ಗಾಡಿಯನ್ನು ಅವರು ಬಿಚ್ಚುತ್ತಲೇ ಇರಲಿಲ್ಲ. “ಛಲೋ ನಡದಾಗ ಬಿಚ್ಚಿದ್ರ ಏನ್ ಸಿಗತೈತ್ರಿ? ನನ್ನ ಮುಂದ ಬಂದ್ ಬೀಳ್ಲಿ,” ಎನ್ನುವರು. ಗಾಡಿ ಕೆಡಲೆಂದು ಕಾಯುವ ಮಿಸ್ತ್ರಿ ಇವರೊಬ್ಬರೇ ಎಂದು ನಾವು ನಗುತ್ತಿದ್ದೆವು.

ನನ್ನ ನಗು ಬಹಳ ದಿನ ಉಳಿಯಲಿಲ್ಲ. ಹೆಂಡತಿಯ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಧಾರವಾಡಕ್ಕೆ ಡಯಾಲಿಸಿಸ್‌ಗೆ ಒಯ್ಯಬೇಕಾಯಿತು. ಬಸ್ಸಿನಲ್ಲಿ ಕೂರುವ ತ್ರಾಣ ಆಕೆಗಿರಲಿಲ್ಲ. ಇದ್ದದ್ದು ನನ್ನ ಹದಿನೆಂಟು ವರ್ಷದ ಹಳೇ ವ್ಯಾನು. ಅದು ಒಮ್ಮೊಮ್ಮೆ ಒಂದು ತಾಸು ಓಡಿ ದಾರಿಯಲ್ಲಿ ನಿಲ್ಲುತ್ತಿತ್ತು, ಅರ್ಧ ತಾಸು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಶೆಡ್ಡಿಗೆ ಒಯ್ದರೆ ಮಾತ್ರ ಬಹಳ ಸಂಭಾವಿತ. ಡಯಾಲಿಸಿಸ್ ತಪ್ಪಿದರೆ ಆಕೆಗೆ ಉಸಿರು ಕಟ್ಟುತ್ತಿತ್ತು. ನನಗೆ ರಾತ್ರಿ ನಿದ್ದೆಯಿಲ್ಲ.

ಏನಾದರೂ ಬದಲಿಸಿ ಎಂದು ದುಂಬಾಲು ಬಿದ್ದೆ. ಮನಸ್ಸಿಲ್ಲದ ಮನಸ್ಸಿನಿಂದ ಅವರು ಪೆಟ್ರೋಲ್ ಫಿಲ್ಟರ್ ಬದಲಿಸಿದರು. ಎರಡು ಸಲ ನಿರಾತಂಕವಾಗಿ ಹೋಗಿಬಂದೆವು. ಮೂರನೆಯ ಸಲ ಕಿತ್ತೂರು ದಾಟಿದ ಮೇಲೆ, ರಣಬಿಸಿಲಿನಲ್ಲಿ, ಗಾಡಿ ನಿಂತಿತು. ಕಬ್ಬಿನ ಟ್ರ್ಯಾಕ್ಟರುಗಳು ಧೂಳೆಬ್ಬಿಸಿ ಹೋಗುತ್ತಿದ್ದವು, ಹೆಂಡತಿ ಸೀಟಿನ ಮೇಲೆ ವಾಲಿ ಏದುಸಿರು ಬಿಡುತ್ತಿದ್ದಳು. ನಾನು ಮಿಸ್ತ್ರಿಗೆ ಫೋನು ಹಚ್ಚಿ, “ಕೆಲಸ ಬರೂದಿಲ್ಲಂದ್ರ ಬರೂದಿಲ್ಲ ಅಂತ ಹೇಳ್ರಿ. ನಂಬಿದವರ ಜೀವಾ ಯಾಕ ತಗೀತೀರಿ?” ಎಂದು ಕೂಗಾಡಿದೆ.

ಮುಂದಿನ ಡಯಾಲಿಸಿಸ್ ಸರದಿಯ ಬೆಳಿಗ್ಗೆ ಮಿಸ್ತ್ರಿ ಶೆಡ್ಡು ಮುಚ್ಚಿ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಎರಡು ವಾಯರು ಕಟ್ಟಿದ ಬಲ್ಬು ಮತ್ತು ಕಟ್ಟಿಗೆಯ ಸುತ್ತಿಗೆ. “ಗಾಡಿ ನನ್ನ ಮುಂದ ಬಂದ್ ಬೀಳೂತನಕ ನಿಮ್ಮ ಕೂಡ ಬರತೇನ್ರಿ.”

ಹಾಗೆ ಮೂರು ಸಲ ಬಂದರು. ನಾಲ್ಕು ತಾಸು ಆಸ್ಪತ್ರೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಮೂರನೆಯ ಸಲ ಮರಳುವಾಗ ಗಾಡಿ ನಿಂತಿತು. ಕೂಡಲೇ ಕೆಳಗೆ ತೂರಿ, ಟಾಕಿಯೊಳಗಿಂದ ಪೆಟ್ರೋಲ್ ಎತ್ತುವ ಪಂಪಿನ ವಾಯರಿಗೆ ಬಲ್ಬು ಹಿಡಿದರು. ಹತ್ತಿತು. “ಕರೆಂಟ್ ಬರಾಕ ಹತ್ತೈತಿ, ಪಂಪ್ ತಿರುಗವಲ್ದು.” ಕಿವಿಯೊತ್ತಿ, ಟಾಕಿಯ ತಳಕ್ಕೆ ಎರಡು ಏಟು ಹಾಕಿದರು. ಒಳಗೆ ಗುಂಯ್ ಎಂದಿತು, ಗಾಡಿ ಚಾಲೂ ಆಯಿತು.

ಎದ್ದು ಬಂದವರು ಪೆಟ್ರೋಲಿನ ಮುಳ್ಳು ನೋಡಿದರು. ಅದು ಎಂದಿನಂತೆ ಕೆಂಪಿನಲ್ಲಿತ್ತು. ರಿಸರ್ವಿಗೆ ಬರುವತನಕ ಬಂಕಿನ ಕಡೆ ತಿರುಗದಿರುವುದು ಸ್ಕೂಟರ್ ಕಾಲದಿಂದ ನನಗೆ ಅಂಟಿದ ಚಾಳಿ. “ಪಂಪ್ ಪೆಟ್ರೋಲ್‌ದಾಗ ಮುಳುಗಿದ್ರ ತಂಪಿರತೈತ್ರಿ ಸರ. ನೀವು ಒಣಗಿಸಿ ಒಣಗಿಸಿ ಸುಟ್ಟೀರಿ,” ಎಂದರು. ಧ್ವನಿಯಲ್ಲಿ ಕೊಂಕು ಇರಲಿಲ್ಲ. ಮರುದಿನವೇ ಹೊಸ ಪಂಪು ಕೂಡಿಸಿದರು. ಆಮೇಲೆ ಗಾಡಿ ಒಮ್ಮೆಯೂ ನಿಂತಿಲ್ಲ, ಹೆಂಡತಿಯ ಒಂದು ಸರದಿಯೂ ತಪ್ಪಿಲ್ಲ.

“ರೀ, ಅವರಿಗೆ ತಪ್ಪಾತು ಅಂತ ಹೇಳಿದಿರೇನು?” ಎಂದು ಆಕೆ ಕೇಳಿದಳು. ಹೂಂ ಅಂದೆ. ಅದು ಸುಳ್ಳು. ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಮಾಸ್ತರನ ಬಾಯಿಗೆ ಆ ಮಾತು ಬರಲಿಲ್ಲ. ನಾಳೆ ಹೇಳಿದರಾಯಿತು ಎಂದು ದಿನ ತಳ್ಳಿದೆ. ಅಷ್ಟರಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಎಂಟು ದಿನ ಮಲಗಿದ್ದರು. ಮಾತು ಮರಳಲಿ, ಆಮೇಲೆ ಹೋಗೋಣ ಎಂದುಕೊಂಡೆ. ಅವರೇ ಹೋಗಿಬಿಟ್ಟರು.

ಮಾತನಾಡಿಸಲು ಅವರ ಮನೆಗೆ ಹೋದಾಗ ನನ್ನ ಹೆಂಡತಿ ಅವರ ಹೆಂಡತಿಯ ಕೈ ಹಿಡಿದು, “ನಮ್ಮವರು ಅವತ್ತ ಸಿಟ್ಟಿಲೆ ಅಂದಿದ್ರು. ಆಮ್ಯಾಲ ತಪ್ಪಾತು ಅಂತ ಹೇಳ್ಯಾರವ್ವಾ,” ಎಂದಳು. ನಾನು ನೆಲ ನೋಡುತ್ತ ನಿಂತೆ.

ಆ ತಾಯಿ ಕಣ್ಣೊರೆಸಿಕೊಂಡು ಅಂದರು: “ಹೌದ್ರಿ. ಮಾಸ್ತರು ಶೆಡ್ಡಿಗೇ ಬಂದು ಕೈ ಹಿಡದು ಹೇಳಿದ್ರು ಅಂತ ಪಂಪ್ ಕೂಡಿಸಿದ ದಿನಾನ ನಮ್ಮವರು ಹೇಳಿದ್ರು.”