ತಗಡಿನ ಶೆಡ್ಡಿಗೆ ಥರ್ಮಾಕೋಲ್ ಹಚ್ಚಿದ ಕಾಕಾ

ಅವರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಟ್ಯೂಬ್ ತಿಕ್ಕಿ, ಸೊಲ್ಯೂಷನ್ ಸವರಿ ಆ ಬೆರಳು ಹುಣಸೆಬೀಜದಂತೆ ನುಣ್ಣಗಾಗಿತ್ತು. ಬೈಲಹೊಂಗಲದ ನಮ್ಮ ಓಣಿಯ ಮೂಲೆಯಲ್ಲಿ ಅವರದೊಂದು ಸೈಕಲ್ ಅಂಗಡಿ. ಸುತ್ತಲೂ ತಗಡು, ಮೇಲೂ ತಗಡು. ಓಣಿಗೆಲ್ಲ ಅವರು ಕಾಕಾ. ಟ್ಯೂಬನ್ನು ನೀರಿಗೆ ಅದ್ದುವ ಮೊದಲೇ ಗಲ್ಲದ ಹತ್ತಿರ ಹಿಡಿದು, ಗಾಳಿ ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಅವರ ಹೆಂಡತಿಗೆ, ನಮ್ಮ ಕಾಕುಗೆ, ಲಕ್ವಾ ಹೊಡೆಯಿತು. ಮಾತು ಹೋಯಿತು, ಒಂದು ಮಗ್ಗುಲು ಬಿದ್ದುಹೋಯಿತು. ಮಕ್ಕಳಿರಲಿಲ್ಲ. ಹಗಲೆಲ್ಲ ಒಬ್ಬಳೇ ಬಿಡುವುದು ಹೇಗೆಂದು ಕಾಕಾ ಆಕೆಯ ಮಂಚವನ್ನು ಅಂಗಡಿಯೊಳಗೇ ಹಾಕಿಕೊಂಡರು. ಯುಗಾದಿ ಕಳೆದದ್ದೇ ತಗಡು ರೊಟ್ಟಿ ಹಂಚಿನಂತೆ ಕಾಯತೊಡಗಿತು. ಕಾಕುಗೆ ಮೈ ಒರೆಸಲು ಹೋಗುತ್ತಿದ್ದವಳು ನಾನು. ಬೆನ್ನ ತುಂಬ ಬೆವರುಸಾಲೆ ಎದ್ದು ಹುಣ್ಣಾಗುತ್ತಿತ್ತು. ನೋಡಲಾರದೆ, ಚಚಡಿ ಊರಿಂದ ಸಂತೆಗೆ ಬಂದಿದ್ದ ಅವಳ ತಮ್ಮನ ಕಿವಿಗೆ ಈ ಸಂಗತಿ ಹಾಕಿದೆ. ಕಾಕಾಗೆ ತಿಳಿಸಲಿಲ್ಲ.

ಮರುದಿನವೇ ಆತ ಬಂದ.

"ಮಾಮಾ, ಅಕ್ಕನ್ನ ಏನ್ ರೊಟ್ಟಿ ಬೇಯಿಸಿದಂಗ ಬೇಯಸಾಕ ಹತ್ತೀರೇನು? ನಮ್ಮದು ಮಣ್ಣಿನ ಮಾಳಿಗಿ, ತಂಪ ಐತಿ. ಕಳಸ್ರಿ."

"ನಾ ತಿನಸದಿದ್ರ ಆಕಿ ಒಂದ್ ತುತ್ತು ಉಣ್ಣಂಗಿಲ್ಲೋ. ಎಂಟ್ ದಿನ ಕೊಡು. ಒಳಗ ತಂಪ್ ಮಾಡಿ ತೋರಸ್ತೇನಿ."

"ಮಾಡ್ರಿ. ಆಗದಿದ್ರ ಗಾಡಿ ತರತೇನಿ."

ಐಸ್‌ಕ್ಯಾಂಡಿ ಮಾರುವವನ ಡಬ್ಬಿಯೊಳಗೆ ಥರ್ಮಾಕೋಲ್ ಇದ್ದದ್ದನ್ನು ಕಾಕಾ ಕಂಡಿದ್ದರು. ಸ್ಟೇಷನರಿ ಅಂಗಡಿಯಲ್ಲಿ ಉಳಿದಿದ್ದ ಹಾಳೆಗಳನ್ನೆಲ್ಲ ಸೈಕಲ್ಲಿಗೆ ಕಟ್ಟಿ ತಂದರು.

"ಏನ್ ಕಾಕಾ, ಬ್ಯಾಸಿಗ್ಯಾಗ ಗಣಪ್ಪನ ಮಂಟಪ ಕಟ್ಟಾವ್ರೇನು?" ಎಂದ ಎದುರಿನ ಟೇಲರ್.

"ಗಣಪ್ಪಂದಲ್ಲೋ, ಗೌರವ್ವಂದು. ಒಳಗ ಮಲಗ್ಯಾಳ ನೋಡು."

ಕಾಕು ಅರ್ಧ ಬಾಯಲ್ಲೇ ನಕ್ಕಳು.

ಪಂಕ್ಚರ್ ತಿದ್ದುವವರು ಸೊಲ್ಯೂಷನ್ ಸವರಿ, ಒಣಗಲು ಬಿಟ್ಟು, ಆಮೇಲೆ ಅಂಟಿಸುತ್ತಾರೆ. ಕಾಕಾ ಹಾಗೇ ಅರ್ಧದಷ್ಟು ಹಾಳೆಗಳಿಗೆ ಸೊಲ್ಯೂಷನ್ ಸವರಿ, ಕಾಕುಗೆ ಗಂಜಿ ಕುಡಿಸಿ ಬರುವುದರೊಳಗೆ ಅವು ಗೆದ್ದಲು ತಿಂದಂತೆ ಕರಗಿ ಕುಳಿಬಿದ್ದಿದ್ದವು.

"ಯವ್ವಾ, ನನ್ನ ಕೈಯಾಗಿನ ಸೊಲ್ಯೂಷನ್ನಽ ಇದನ್ನ ತಿಂತಲ್ಲಽ" ಎಂದು ಅಲ್ಲೇ ಕುಸಿದು ಕೂತರು.

ನಾನು ಮೈದಾ ಹಿಟ್ಟಿನ ಅಂಟು ಕಾಯಿಸಿ, ಹುಳ ಹತ್ತದಂತೆ ಚೂರು ಮೈಲುತುತ್ತ ಹಾಕಿ ಕೊಟ್ಟೆ. ಕಾಕಾ ತಗಡಿಗೆ ಕಟ್ಟಿಗೆ ಪಟ್ಟಿ ಬಡಿದು, ಅವುಗಳ ಮೇಲೆ ಉಳಿದ ಹಾಳೆ ಕೂರಿಸಿ, ಸಂದುಗಳಿಗೆ ಕಾಗದ ಮೆತ್ತಿದರು. ಗೋಡೆಗಳಿಗೆ ಸಾಲಿತು. ಮೇಲಿನ ತಗಡಿಗೆ ಒಂದು ಹಾಳೆಯೂ ಉಳಿಯಲಿಲ್ಲ. "ಇನ್ನ ಹಾಳಿ ಗಣಪತಿ ಹಬ್ಬಕ್ಕಽ ಬರೂದು" ಎಂದ ಸ್ಟೇಷನರಿ ಅಂಗಡಿಯವ. ಎಂಟು ದಿನ ಮುಗಿಯಲು ಬಂದಿತ್ತು, ಬೆಳಗಾವಿಗೆ ಹೋಗಿ ತರಲು ದಿನವಿರಲಿಲ್ಲ.

ಎಂಟನೆಯ ದಿನ ಕಾಕುನ ತಮ್ಮ ಗಾಡಿ ಸಮೇತ ಬಂದು ಗೋಡೆಗೆ ಅಂಗೈ ಇಟ್ಟ. "ಗ್ವಾಡಿ ತಂಪಾಗೈತ್ರಿ ಮಾಮಾ" ಎಂದ. ಕಾಕಾನ ಮುಖ ಅರಳಿತು. ಆತ ಮಂಚದ ಮಗ್ಗುಲಿಗೆ ಕೂತ. ಹತ್ತು ನಿಮಿಷದಲ್ಲಿ ಅವನ ಗದ್ದದ ಬೆವರು ಅಕ್ಕನ ದಿಂಬಿನ ಮೇಲೆ ತೊಟ್ಟಿಕ್ಕಿತು. ತಲೆಯೆತ್ತಿ ಮೇಲಿನ ತಗಡು ನೋಡಿದ.

"ಇನ್ನೊಂದೆರಡ್ ದಿನ..." ಎಂದರು ಕಾಕಾ.

"ಮಾಮಾ" ಎಂದನಷ್ಟೇ.

ಹಾಸಿದ್ದ ಕೌದಿ ಸಮೇತ ಎತ್ತುವಾಗ ಕಾಕುನ ಸರಿಯಿದ್ದ ಕೈ ಮಂಚದ ಪಟ್ಟಿಯನ್ನು ಬಿಡಲೊಲ್ಲದು. ಕಾಕಾನೇ ಬಗ್ಗಿ ಒಂದೊಂದೇ ಬೆರಳು ಬಿಡಿಸಿದರು.

ಅಂಗಡಿ ಮುಚ್ಚಿದರೆ ದುಡಿಮೆಯಿಲ್ಲವೆಂದು ಕಾಕಾ ಇಲ್ಲೇ ಉಳಿದರು. ಚಚಡಿಯ ತಂಪು ಮನೆಯಲ್ಲಿ ಕಾಕು ಬಾಯಿ ಬಿಗಿಹಿಡಿದಳಂತೆ, ಯಾರ ಕೈಯಿಂದಲೂ ಉಣ್ಣಲಿಲ್ಲ. ಸುದ್ದಿ ಬಂದು ಕಾಕಾ ಹೋಗುವಷ್ಟರಲ್ಲಿ ಮುಗಿದಿತ್ತು. ಗಣಪತಿ ಹಬ್ಬಕ್ಕೆ ಹೊಸ ಹಾಳೆ ಬಂದಾಗ, ಸುರಿಯುವ ಮಳೆಯಲ್ಲಿ, ಅವರು ಮೇಲಿನ ತಗಡಿಗೂ ಹಚ್ಚಿ ಮುಗಿಸಿದರು. 

ಆಮೇಲೆ ಮೂರು ವರ್ಷ ನಮ್ಮ ಮನೆಯಲ್ಲೇ ಉಂಡರು. ತಾವು ತೀರಿಹೋಗುವ ಒಂದು ವಾರ ಮೊದಲು ತಾಟಿನ ಮುಂದೆ ಕೂತು ಅಂದರು: "ಯಾರ್ ಹೇಳಿದ್ರೋ ಏನೋ ಆಕಿ ತಮ್ಮಗ. ಹೇಳದಿದ್ರ ನನ್ನ ತೊಡಿ ಮ್ಯಾಲರ ಹೋಗತಿದ್ಲು."

ನಾನು ಒಲೆಯ ಕಡೆ ತಿರುಗಿದೆ.

"ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ ಕಾಕಾ?" ಎಂದೆ.