ಮಾವ ಉಣ್ಣದ ಹಬ್ಬಗಳು

ನಮ್ಮ ಮಾವನ ಎಡಭುಜ ಬಲಭುಜಕ್ಕಿಂತ ಕೆಳಗಿತ್ತು. ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ದುಡಿದಷ್ಟೂ ಕಾಲ ಚರ್ಮದ ಚೀಲ ಹೊತ್ತ ಭುಜ ಅದು. ನಿವೃತ್ತಿಯಾಗಿ ಚೀಲ ಇಳಿದ ಮೇಲೂ ಭುಜ ಮೇಲೇಳಲಿಲ್ಲ. ಯಾವ ಅಂಗಿ ಹೊಲಿಸಿದರೂ ಒಂದು ಕಡೆ ಜೋತಾಡುತ್ತಿತ್ತು. ಮನೆಯ ಹಜಾರದಲ್ಲಿ ನಿಂತಾಗಲೂ ಕಾಲು ಅಗಲಿಸಿಯೇ ನಿಲ್ಲುವರು, ನೆಲ ಈಗ ಬ್ರೇಕ್ ಹಾಕಿಬಿಡುತ್ತದೇನೋ ಎನ್ನುವ ಹಾಗೆ.

ನಾನು ಹಿರಿಯೂರಿನ ಹುಡುಗಿ. ಮದುವೆಯಾಗಿ ಹೊಸದುರ್ಗದ ಆ ಮನೆಗೆ ಬಂದಾಗ ಎಲ್ಲರಿಗಿಂತ ಮೊದಲು ನನ್ನನ್ನು ಸಲೀಸಾಗಿ ಮಾತಾಡಿಸಿದವರು ಮಾವ. ‘ಬಾರಮ್ಮ, ಸೀಟು ಖಾಲಿ ಐತೆ, ಕುಂತ್ಕ’ ಎಂದು ಅಡುಗೆಮನೆಯ ಮಣೆ ತೋರಿಸಿ ನಗಿಸಿದ್ದರು. ಮಕ್ಕಳಾದ ಮೇಲಂತೂ ಅವರ ಬಾಯಲ್ಲಿ ಬಸ್ಸಿನದೇ ಮಾತು. ಹಜಾರದ ಕುರ್ಚಿಗಳನ್ನು ಒಂದರ ಹಿಂದೊಂದು ಇಟ್ಟು ಮಗಳು ಸಿಂಚನಳನ್ನು ಡ್ರೈವರ್ ಮಾಡಿ, ಚಿಕ್ಕವನಾದ ಗಗನನನ್ನು ತೊಡೆಯ ಮೇಲೆ ಕೂರಿಸಿಕೊಂಡು, ತೆಂಗಿನ ಗರಿ ಹರಿದು ಟಿಕೆಟ್ ಕೊಡುವರು. ‘ಹೊಳಲ್ಕೆರೆ, ಚಿತ್ರದುರ್ಗ, ಯಾರ್‍ರೀ ಇಳಿಯೋರು, ಮುಂದಕ್ಕೆ ನಡೀರಿ, ರೈಟ್ ರೈಟ್!’ ಬೀದಿಯ ಮಕ್ಕಳೆಲ್ಲ ಆ ಬಸ್ಸಿಗೆ ಹತ್ತುತ್ತಿದ್ದರು. ಅವರನ್ನು ಆ ದಿನಗಳಲ್ಲಿ ಮಾತ್ರ ನೋಡಿದವರು ನಾನು ಮುಂದೆ ಹೇಳುವುದನ್ನು ನಂಬಲಾರರು.

ಹಬ್ಬದ ಬೆಳಿಗ್ಗೆ ಆ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದರು.

ಏಳುವಾಗಲೇ ಮುಖ ಬಿಗಿದಿರುತ್ತಿತ್ತು. ಎಣ್ಣೆ ಹಚ್ಚಿಕೊಳ್ಳಲು ಕೂತರೂ ಮಾತಿಲ್ಲ. ಕಣ್ಣು ಮಾತ್ರ ಮನೆಯ ಮೂಲೆ ಮೂಲೆ ಹುಡುಕುವುದು. ಏನನ್ನು ಹುಡುಕುತ್ತಾರೆಂದು ಮೊದಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಅವರು ಕಾರಣ ಹುಡುಕುತ್ತಿದ್ದರು. ಮಾವಿನ ತೋರಣ ಒಂದು ಕಡೆ ಇಳಿಬಿದ್ದರೆ ಅದು ಸಾಕು. ವಿಭೂತಿ ಗಟ್ಟಿ ಜಗಲಿಯ ಮೇಲೆ ಇಡಬೇಕಾದ ಕಡೆ ಇಲ್ಲದಿದ್ದರೆ ಅದು ಸಾಕು. ಏನೂ ಸಿಗದಿದ್ದರೆ, ‘ಹಬ್ಬದ ದಿನಾನೂ ಯಾರ ಮುಖದಾಗೂ ಕಳೆ ಇಲ್ಲ’ ಎನ್ನುವುದೇ ಕಾರಣ. ಕಳೆ ಹೇಗಿದ್ದೀತು? ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವಲ್ಲ.

ನನ್ನ ಮೊದಲ ಯುಗಾದಿಯಲ್ಲಿ ಅವರಿಗೆ ಸಿಕ್ಕ ಕಾರಣ ಸ್ನಾನದ ನೀರು. ಸಾಕಷ್ಟು ಕಾದಿರಲಿಲ್ಲವಂತೆ. ಚೊಂಬನ್ನು ಬಚ್ಚಲ ಗೋಡೆಗೆ ಎಸೆದು, ಮೈಮೇಲಿನ ಎಣ್ಣೆಯನ್ನು ಪಂಚೆಯಲ್ಲೇ ಒರೆಸಿಕೊಂಡು, ಹಳೆಯ ಅಂಗಿ ಹಾಕಿಕೊಂಡು ಹೊರಟುಬಿಟ್ಟರು. ಅತ್ತೆ ಬೆಳಗಿನ ಜಾವವೇ ಎದ್ದು ಬೇಳೆ ಬೇಯಿಸಿ, ಹೂರಣ ರುಬ್ಬಿ, ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದರು. ಬಾಗಿಲು ಬಡಿದ ಸದ್ದು ಕೇಳಿಯೂ ತಲೆ ಎತ್ತಲಿಲ್ಲ. ಕಾವಲಿಯ ಮೇಲಿನದನ್ನು ಮಗುಚಿ ಹಾಕಿದರು.

ಪೂಜೆಯಾಯಿತು. ಬೇವುಬೆಲ್ಲವಾಯಿತು. ಊಟಕ್ಕೆ ಎಲೆ ಹಾಕಲೇ ಎಂದು ಕೇಳಿದೆ.

‘ಅವ್ರು ಬರ್ಲಿ ತಡಿಯಮ್ಮ’ ಎಂದರು ಅತ್ತೆ. ‘ಮನೆ ಯಜಮಾನ್ರು ಉಣ್ಣದೆ ನಾವು ಹೆಂಗೆ ಉಣ್ಣದು?’

ಅವರು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಅಷ್ಟರವರೆಗೆ ಹೋಳಿಗೆ ಪುಟ್ಟಿಯಲ್ಲಿ ಬಿಳಿ ಬಟ್ಟೆಯ ಕೆಳಗೆ ಕೂತಿತ್ತು. ನಾವೂ ಕೂತಿದ್ದೆವು. ಬಂದವರು ಒಂದು ಮಾತೂ ಆಡದೆ ಉಂಡು ಮಲಗಿದರು. ಮರುದಿನ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ, ‘ಏನಮ್ಮ, ಕಾಫಿ ಬಸ್ಸು ಲೇಟಾ?’ ಎಂದು ನನ್ನನ್ನು ಕೇಳಿದರು.

ನನ್ನ ಗಂಡನ ಹತ್ತಿರ ಅತ್ತುಬಿಟ್ಟೆ. ನಮ್ಮೂರಲ್ಲಿ ಹಬ್ಬವೆಂದರೆ ಗದ್ದಲ. ಅಪ್ಪ ಬೇಕೆಂದೇ ಚಿಕ್ಕವರ ಎಲೆಯಿಂದ ಹೋಳಿಗೆ ಕದಿಯುತ್ತಿದ್ದರು. ನನ್ನ ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೇಳಿದರು, ‘ನಮ್ಮನೇಲಿ ಹಬ್ಬ ಅಂದ್ರೆ ಹಿಂಗೇ ಕಣೆ. ಸಣ್ಣೋನಿದ್ದಾಗ ಹಬ್ಬದ ಹಿಂದಿನ ದಿನಾನೇ ನಂಗೆ ಹೊಟ್ಟೆನೋವು ಬರ್ತಿತ್ತು.’ ಎಷ್ಟು ಸಹಜವಾಗಿ ಹೇಳಿದರೆಂದರೆ, ಅದು ಎಲ್ಲರ ಮನೆಯಲ್ಲೂ ಇರುವ ಸಂಗತಿಯೇನೋ ಎಂದು ನನಗೇ ಅನುಮಾನ ಬಂತು.

ಯಾಕೆ ಹೀಗೆ ಎಂದು ಅತ್ತೆಯನ್ನು ಕೇಳಿದ್ದೇನೆ. ಕೆಲಸದಲ್ಲಿದ್ದಾಗ ಪ್ರತಿ ಹಬ್ಬಕ್ಕೂ ಊರಿಗೆ ಹೋಗುವ ಜನರನ್ನು ತುಂಬಿಕೊಂಡು ಓಡಾಡಿ, ತಾವು ಮನೆಗೆ ಬಾರದೆ ಡಿಪೋದಲ್ಲೇ ಉಂಡವರು, ಅದಕ್ಕೇ ಇರಬಹುದೆಂದು ನನ್ನ ಲೆಕ್ಕ. ಅತ್ತೆ ತಲೆ ಅಲ್ಲಾಡಿಸಿದರು. ‘ರಜಾ ಇದ್ದ ವರ್ಷನೂ ಹಂಗೇ. ಮದುವೆ ಆದ ವರ್ಷನೇ ಹಂಗೆ. ಬಾಗೂರಿಂದ ನಮ್ಮಪ್ಪ ಹಬ್ಬಕ್ಕೆ ಕರಿಯಾಕೆ ಬಂದು ಬಾಗಿಲಾಗೇ ನಿಂತು ವಾಪಸ್ ಹೋದ.’ ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ನನಗೂ ಕೊನೆಯವರೆಗೆ ಗೊತ್ತಾಗಲಿಲ್ಲ.

ಇದೇ ಮನುಷ್ಯ ನನ್ನ ಮಗನ ಜೀವ ಉಳಿಸಿದವರೂ ಹೌದು. ಗಗನನಿಗೆ ಆಗ ಎರಡು ತುಂಬಿರಲಿಲ್ಲ. ಜ್ವರ ನೆತ್ತಿಗೇರಿ ಕೈಕಾಲು ಸೆಟೆದು ಕಣ್ಣು ಮೇಲೆ ಹೋಯಿತು. ನಾನು ಕಿರುಚಿಕೊಂಡು ನಿಂತಲ್ಲೇ ನಿಂತೆ. ಮಾವ ಮಗುವನ್ನು ನನ್ನ ಕೈಯಿಂದ ಕಸಿದುಕೊಂಡು, ಪಕ್ಕಕ್ಕೆ ವಾಲಿಸಿ ಹಿಡಿದುಕೊಂಡು, ಬರಿಗಾಲಲ್ಲೇ ಬೀದಿಗೆ ಓಡಿ, ಯಾರದೋ ಬೈಕು ಅಡ್ಡಗಟ್ಟಿ ಆಸ್ಪತ್ರೆಗೆ ಹೋದರು. ನಾನು ಆಟೋ ಹಿಡಿದು ಹೋಗುವಷ್ಟರಲ್ಲಿ ಮಗು ಅಳುತ್ತಿತ್ತು. ಕಾರಿಡಾರಿನಲ್ಲಿ ಮಾವ ಗೋಡೆಗೊರಗಿ ನಿಂತಿದ್ದರು, ಕಾಲಿನಿಂದ ರಕ್ತ ಸೋರುತ್ತಿತ್ತು. ‘ಅಳಬ್ಯಾಡಮ್ಮ. ನಾನಿದೀನಲ್ಲ’ ಎಂದರು. ಆ ಋಣ ನನ್ನ ಮೇಲಿದೆ. ಅದನ್ನು ಮರೆಯಲು ಆಗಿದ್ದರೆ ಅವರನ್ನು ದ್ವೇಷಿಸುವುದು ಎಷ್ಟು ಸುಲಭವಾಗುತ್ತಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಮಕ್ಕಳು ದೊಡ್ಡವಾದಂತೆ ಹಬ್ಬಗಳು ಇನ್ನೂ ಕಷ್ಟವಾದವು. ದೊಡ್ಡವರು ಹಸಿವು ನುಂಗಿಕೊಂಡು ಕೂರಬಹುದು. ಮಕ್ಕಳಿಗೆ ಏನು ಹೇಳುವುದು? ಬಾಳೆಹಣ್ಣು ಕೊಟ್ಟು, ಮಂಡಕ್ಕಿ ಕೊಟ್ಟು, ಪಕ್ಕದ ಮನೆಗೆ ಆಡಲು ಕಳಿಸುತ್ತಿದ್ದೆ. ಅಲ್ಲಿ ಉಂಡು ಕೈ ತೊಳೆಯುತ್ತಿದ್ದ ಮಕ್ಕಳನ್ನು ನೋಡಿಕೊಂಡು ಇವು ವಾಪಸ್ ಬರುತ್ತಿದ್ದವು.

ಸಿಂಚನ ಎರಡನೇ ಕ್ಲಾಸಿನಲ್ಲಿದ್ದ ವರ್ಷದ ದೀಪಾವಳಿ. ಪಾಡ್ಯದ ಬೆಳಿಗ್ಗೆ ನಮ್ಮ ಕಡೆ ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡಿ ಹೊಸ್ತಿಲ ಬಳಿ ಕೂರಿಸುತ್ತೇವೆ. ಆ ವರ್ಷ ತಾನೇ ಮಾಡುತ್ತೇನೆಂದು ಮಗಳು ಹಟ ಹಿಡಿದಳು. ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೂಗು ಮುಚ್ಚಿಕೊಳ್ಳದೆ ಸಗಣಿ ಉಂಡೆ ಕಟ್ಟಿ, ಉತ್ತರಾಣಿ ಕಡ್ಡಿ ಚುಚ್ಚಿ, ಚೆಂಡುಹೂವಿನ ಎಸಳು ಅಂಟಿಸಿದಳು. ದೊಡ್ಡದೊಂದು, ಅದರ ಸುತ್ತ ಸಣ್ಣವು. ‘ಇವು ಲಕ್ಕವ್ವನ ಮಕ್ಕಳು’ ಎಂದು ತಮ್ಮನಿಗೆ ತೋರಿಸಿದಳು.

ಮಾವ ಸ್ನಾನ ಮುಗಿಸಿ ಬಂದರು. ಅವರ ಕಣ್ಣು ಅವತ್ತು ಬಹಳ ಹುಡುಕಬೇಕಾಗಲಿಲ್ಲ.

‘ಯಾರು ಹೇಳಿದ್ದು ಇಲ್ಲಿ ಇಡಾಕೆ? ಮನುಷ್ಯರು ಓಡಾಡದು ಬ್ಯಾಡ್ವಾ?’

‘ತಾತ, ಅದು ದೇವ್ರು’ ಎಂದಳು ಸಿಂಚನ. ‘ನಾನೇ ಮಾಡಿದ್ದು.’

‘ದೇವ್ರಂತೆ! ಸಗಣಿ ಅದು, ಸಗಣಿ.’ ಕಾಲಿನಿಂದ ಸರಿಸಿದರು. ದೊಡ್ಡದು ಹೊಸ್ತಿಲಿನಿಂದ ಉರುಳಿ ರಂಗೋಲಿಯ ಮೇಲೆ ಬಿತ್ತು. ಎಸಳೆಲ್ಲ ಕಿತ್ತುಬಂದವು. ಅದನ್ನು ದಾಟಿಕೊಂಡು ಮಾವ ಹೊರಟುಹೋದರು.

ಮಗಳು ಅಳಲಿಲ್ಲ. ಅವಳು ತಾತನ ಬೆನ್ನನ್ನು ನೋಡುತ್ತಿದ್ದ ರೀತಿ ನನ್ನ ಗಂಡನದು ಎಂದು ಥಟ್ಟನೆ ಗುರುತಾಯಿತು. ಹೊಟ್ಟೆನೋವಿನ ಹುಡುಗನ ಮುಖ ಅದು. ನನ್ನ ಮೈ ಉರಿದುಹೋಯಿತು.

ಮಧ್ಯಾಹ್ನ ಗಗನ ಹಸಿವಿಗೆ ರಚ್ಚೆ ಹಿಡಿದ. ನಾನು ಎದ್ದು ಎಲೆ ಹಾಸಿದೆ. ಪುಟ್ಟಿಯ ಮೇಲಿನ ಬಟ್ಟೆ ತೆಗೆಯುವಾಗ ಅತ್ತೆ ಬಂದು ನನ್ನ ಮಣಿಕಟ್ಟು ಹಿಡಿದರು.

‘ಬ್ಯಾಡಮ್ಮ. ಅವ್ರು ಬಂದು ಎಲೆ ನೋಡಿದ್ರೆ ಆಮೇಲೆ ಉಣ್ಣಲ್ಲ.’

‘ಮಕ್ಕಳು ಹಸಿದಾವೆ ಅತ್ತೆ.’

‘ಇವತ್ತೊಂದಿನ ತಡಕಳ್ಳಿ.’

‘ಯಾವ ಹಬ್ಬಕ್ಕೆ ಇವತ್ತೊಂದಿನ ಅನ್ಲಿಲ್ಲ ನೀವು? ನಿಮ್ಮ ಮಗನಿಗೆ ಹಂಗೇ ಹೇಳಿ ಬೆಳೆಸಿದ್ರಿ. ಈಗ ನನ್ನ ಮಕ್ಕಳಿಗೂ ಹೇಳ್ಬೇಕಾ?’

ಅಲ್ಲೇ ನಿಂತಿದ್ದ ನನ್ನ ಗಂಡ ಏನಾದರೂ ಅಂದಾರೆಂದು ಕಾದೆ. ಅವರು ಅನ್ನಲಿಲ್ಲ. ಆದರೆ ಬಂದು ಮಕ್ಕಳ ಪಕ್ಕ ಕೂತರು. ನಾನು ಹೋಳಿಗೆ ಬಡಿಸಿ, ತುಪ್ಪ ಹಾಕಿ, ಅತ್ತೆಗೂ ಒಂದು ಎಲೆ ಹಾಕಿದೆ. ಅವರು ಬಹಳ ಹೊತ್ತು ಗೋಡೆ ಹಿಡಿದು ನಿಂತಿದ್ದರು. ಕೊನೆಗೆ ಸಿಂಚನ ಎದ್ದುಹೋಗಿ, ‘ಬಿಸಿ ಐತಜ್ಜಿ, ತಿನ್ನು’ ಎಂದು ಅವರ ಬಾಯಿಗೆ ಒಂದು ತುತ್ತು ಇಟ್ಟಳು. ಅತ್ತೆ ಅಗಿಯುತ್ತಾ ಅಗಿಯುತ್ತಾ ಅಳತೊಡಗಿದರು. ಹಬ್ಬದ ದಿನ ಬಿಸಿ ಹೋಳಿಗೆಯನ್ನು ಆ ಮನೆಯಲ್ಲಿ ಅವರು ತಿಂದದ್ದು ಅದೇ ಮೊದಲಂತೆ.

ಸಂಜೆ ಮಾವ ಬಂದರು. ಹಿತ್ತಿಲಲ್ಲಿ ಮಡಚಿಟ್ಟ ಎಲೆಗಳನ್ನು ನೋಡಿದರು.

‘ಉಂಡ್ರಾ?’

‘ಉಂಡ್ವಿ ಮಾವ’ ಎಂದೆ. ಚೀರಾಡಲಿ, ಪಾತ್ರೆ ಎಸೆಯಲಿ ಎಂದು ಕಾದೆ. ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು.

‘ಸರಿ. ಇನ್ಮೇಲೆ ನಂಗೆ ಕಾಯಬ್ಯಾಡ್ರಿ.’

ಆಡಿದಂತೆ ನಡೆದುಕೊಂಡರು. ಮುಂದಿನ ಹಬ್ಬದಿಂದ ನಾವು ಏಳುವ ಮೊದಲೇ ಎದ್ದು ಚಿತ್ರದುರ್ಗದ ಬಸ್ಸು ಹತ್ತಿ ಹೋಗಿಬಿಡುವರು, ಕತ್ತಲಾದ ಮೇಲೆ ಬರುವರು. ಸಂಕ್ರಾಂತಿ, ಶಿವರಾತ್ರಿ, ಯುಗಾದಿ, ಪಂಚಮಿ, ಗೌರಿ ಹಬ್ಬ, ಯಾವುದಕ್ಕೂ ಮನೆಯಲ್ಲಿರಲಿಲ್ಲ. ಎತ್ತಿಟ್ಟದ್ದನ್ನು ಮುಟ್ಟುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಮಕ್ಕಳೊಂದಿಗೆ ಅದೇ ಬಸ್ಸು, ಅದೇ ರೈಟ್ ರೈಟ್. ಆದರೆ ನನ್ನ ಕೈಯ ಕಾಫಿಯನ್ನು ಮಾತ್ರ ತಲೆ ತಗ್ಗಿಸಿ ತೆಗೆದುಕೊಳ್ಳುತ್ತಿದ್ದರು, ಬಸ್ಸಿನ ಮಾತು ನನ್ನ ಹತ್ತಿರ ಮತ್ತೆಂದೂ ಆಡಲಿಲ್ಲ.

ಹಬ್ಬಗಳು ಶಾಂತವಾದವು. ಮಕ್ಕಳು ಹೊತ್ತಿಗೆ ಸರಿಯಾಗಿ ಉಂಡವು. ತಾತ ಎಲ್ಲಿ ಎಂದು ಗಗನ ಕೇಳಿದರೆ, ‘ಸಿಟ್ಟಾಗಿ ಹೋಗೈತೆ’ ಎಂದು ಸಿಂಚನ ಹೇಳುತ್ತಿದ್ದಳು. ನಾನು ಗೆದ್ದೆನೆಂದು ಯಾರಾದರೂ ಹೇಳಬಹುದು. ಅತ್ತೆ ಮಾತ್ರ ಉಣ್ಣುವಾಗಲೂ ಬಾಗಿಲ ಕಡೆ ನೋಡುತ್ತಲೇ ಇರುತ್ತಿದ್ದರು. ‘ಎಲ್ಲಿ ಉಂಡ್ರೋ ಏನೋ’ ಎಂದು ಪ್ರತಿ ಹಬ್ಬಕ್ಕೂ ಒಂದು ಸಲ ಹೇಳುವರು, ಯಾರಿಗೂ ಅಲ್ಲದ ಹಾಗೆ. ನಾನು ಮಾಡಿದ್ದು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಸರಿಯಾದದ್ದನ್ನು ಮಾಡಿದ ಮೇಲೂ ಬಾಯಿ ಇಷ್ಟು ಕಹಿಯಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಳೆದ ವರ್ಷದ ಯುಗಾದಿಯ ದಿನ, ನಾವು ಉಂಡು ಕೂತಿದ್ದಾಗ ನನ್ನ ಗಂಡನಿಗೆ ಮಾವನ ಫೋನಿನಿಂದಲೇ ಕರೆ ಬಂತು. ಮಾತಾಡಿದವನು ಬೇರೆ. ಚಿತ್ರದುರ್ಗದ ಚಂದ್ರವಳ್ಳಿಯ ಹತ್ತಿರ ಟೀ ಅಂಗಡಿ ಇಟ್ಟಿರುವವನು. ಮಾವ ಅಲ್ಲಿ ಕಟ್ಟೆಯ ಮೇಲೆ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದರಂತೆ. ನಾವಿಬ್ಬರೂ ಚಿತ್ರದುರ್ಗ ತಲುಪುವಷ್ಟರಲ್ಲಿ ಆಸ್ಪತ್ರೆಯಲ್ಲಿ ಎಲ್ಲ ಮುಗಿದಿತ್ತು.

ಟೀ ಅಂಗಡಿಯವನು ಅಂಗಡಿ ಮುಚ್ಚಿ ಬಂದು ನಮಗಾಗಿ ಕಾದಿದ್ದ. ಫೋನು, ಕನ್ನಡಕ ನನ್ನ ಗಂಡನ ಕೈಗೆ ಕೊಟ್ಟ. ನಮ್ಮ ಮುಖಗಳನ್ನು ನೋಡಿ, ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿದ.

‘ಹಬ್ಬ ಬಂದ್ರೆ ಯಜಮಾನ್ರು ನಮ್ಮ ಅಂಗ್ಡಿಗೆ ಬರ್ತಿದ್ರು ಕಣ್ರಿ. ಟೀ ಬನ್ನು ತಿಂದು ಅಲ್ಲೇ ಕುಂತಿರೋರು. ಹಬ್ಬ ಬಿಟ್ಟು ಇಲ್ಯಾಕೆ ಕುಂತೀರಿ ಅಂತ ಒಂದ್ಸಲ ಕೇಳ್ದೆ. ಮನೇಲಿ ನಂಗೆ ಯಾರೂ ಇಲ್ಲ ಅಂದ್ರು. ಫೋನಿನಾಗೆ ಮಗ ಅಂತ ಹೆಸರು ನೋಡಿ ನಂಗೇ ಆಶ್ಚರ್ಯ ಆತು.’

ನನ್ನ ಗಂಡ ಕನ್ನಡಕ ಒರೆಸುತ್ತಾ ನಿಂತರು. ಅದು ಒರೆಸಿದಷ್ಟೂ ಮಂಜಾಗುತ್ತಿತ್ತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದ ನೆಂಟರು, ಎಡೆಗೆ ಅವರಿಗಿಷ್ಟವಾದದ್ದನ್ನು ಮಾಡಬೇಕು, ಏನು ಮಾಡಿಸೋಣ ಎಂದು ಅತ್ತೆಯನ್ನು ಕೇಳಿದರು. ಅತ್ತೆ ಬಹಳ ಹೊತ್ತು ಯೋಚಿಸಿದರು. ‘ಗೊತ್ತಿಲ್ಲವ್ವ. ಚೆನ್ನಾಗೈತೆ ಅಂತ ಒಂದಿನನೂ ಅಂದೋರಲ್ಲ’ ಎಂದರು. ಯಾರೋ ನಕ್ಕರು, ತಮಾಷೆ ಎಂದುಕೊಂಡು.

ಚಂದ್ರವಳ್ಳಿಯ ಮಾತನ್ನು ನಾನು ಅತ್ತೆಗೆ ಹೇಳುವುದಿಲ್ಲವೆಂದೇ ಅಂದುಕೊಂಡಿದ್ದೆ. ಆದರೆ ಎಲ್ಲರೂ ಹೋದ ಮೇಲೆ ಅವರೇ ಕೇಳಿದರು, ‘ಹಬ್ಬದ ದಿನ ಅಲ್ಲಿ ಏನ್ ಮಾಡ್ತಿದ್ರಂತೆ?’ ಆ ಹೆಂಗಸಿಗೆ ಜೀವಮಾನವಿಡೀ ಯಾರೂ ಏನನ್ನೂ ಹೇಳಿರಲಿಲ್ಲ. ನಾನೂ ಮುಚ್ಚಿಡಲಾರದೆ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು.

‘ಯಾರೂ ಇಲ್ಲ ಅಂದ್ರಂತಾ?’

‘ಹೂಂ ಅತ್ತೆ.’

‘ಮತ್ತೆ ನಾನು ಯಾರಿಗೆ ಕಾಯ್ತಿದ್ದೆ?’

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ಕೇಳುತ್ತಿದ್ದರು, ನನಗೆ ಗೊತ್ತಿರಬಹುದೆಂದು. ನಾನು ಮೊರವನ್ನು ಎಳೆದುಕೊಂಡು ಅಕ್ಕಿ ಆರಿಸತೊಡಗಿದೆ.

ಸಾವಾದ ಮನೆಯೆಂದು ಒಂದು ವರ್ಷ ಹಬ್ಬ ಮಾಡಲಿಲ್ಲ. ಈ ಯುಗಾದಿಗೆ ಮತ್ತೆ ಒಲೆ ಹಚ್ಚಿದೆವು. ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ನನ್ನ ಮೊಣಕಾಲ ಮುಂದೆ ಕೂತಿದ್ದ ಗಗನ ತಲೆ ಹಿಂದಕ್ಕೆ ಬಾಗಿಸಿ ಕೇಳಿದ:

‘ಅಮ್ಮ, ಇನ್ಮೇಲೆ ಹಬ್ಬದ ದಿನ ಯಾರು ಸಿಟ್ಟಾಗ್ತಾರೆ?’

ಅವನ ಪ್ರಕಾರ ಅದೂ ಹಬ್ಬದ ಒಂದು ಕೆಲಸ. ತೋರಣ ಕಟ್ಟಲು ಒಬ್ಬರು, ಹೋಳಿಗೆ ತಟ್ಟಲು ಒಬ್ಬರು, ಸಿಟ್ಟಾಗಲು ಒಬ್ಬರು. ಅವನನ್ನು ಬರಿಗಾಲಲ್ಲಿ ಹೊತ್ತು ಓಡಿದ ತಾತ ಅವನಿಗೆ ನೆನಪಿಲ್ಲ. ಹಬ್ಬದ ದಿನ ಅವನಿಗೆ ಉಳಿದಿರುವುದು ಇದು. ಆ ಓಟದ ಕತೆಯನ್ನು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಸಿಂಚನ ತಮ್ಮನನ್ನು ಸುಮ್ಮನಿರಿಸಿದಳು, ‘ಲೇ, ಹಂಗೆಲ್ಲ ಕೇಳಬಾರ್ದು. ಅಜ್ಜಿಗೆ ಕೇಳ್ಸುತ್ತೆ.’

ಅಜ್ಜಿಗೆ ಕೇಳಿಸಿತ್ತು. ಒಲೆಯ ಮುಂದೆ ಕೈ ನಿಲ್ಲಿಸಿ ಅವರು ನಮ್ಮ ಕಡೆಯೇ ನೋಡುತ್ತಿದ್ದರು.