ನೀರು ಬೆರೆಸದ ತಾರವ್ವ

ಸದಲಗಾದ ಹಾಲಿನ ಡೇರಿಯಲ್ಲಿ ತಾರವ್ವನ ಕ್ಯಾನು ಬಂದರೆ ಪರೀಕ್ಷೆ ಮಾಡುವವರೇ ಇರಲಿಲ್ಲ. ನಲವತ್ತು ವರ್ಷ ಎಮ್ಮೆ ಸಾಕಿದವಳು, ಹಾಲಿಗೆ ಒಂದು ಹನಿ ನೀರು ಬೆರೆಸಿದವಳಲ್ಲ. ಆ ಸೊಕ್ಕು ಅವಳಿಗೆ ನೆತ್ತಿಗೇರಿತ್ತು. ಪಕ್ಕದ ಮನೆಯವನು ನಾನು, ನಡುವೆ ಇರುವುದು ಎದೆಮಟ್ಟದ ಗೋಡೆ. ನಾನು ನೋಡಿದ ತಾರವ್ವನೇ ಬೇರೆ.

ಹೋದ ವರ್ಷ ಡೇರಿಯವರು ಹಾಲು ಹಿಂಡುವ ಮೊದಲು ಕೈ ತೊಳೆಯಲೆಂದು ರೋಗಾಣು ಕೊಲ್ಲುವ ಔಷಧ ಹಂಚಿದರು. ಒಂದು ಬಕೆಟ್ ನೀರಿಗೆ ಒಂದೇ ಮುಚ್ಚಳ ಸಾಕು. ಸೊಸೆ ರಾಜೇಶ್ವರಿ ಬಾಟಲಿಯ ಚೀಟಿ ಓದಿ ಹೇಳಿದಳು.

"ಅತ್ತಿ, ನೀರಾಗ ಹಾಕ್ಬೇಕಂತ್ರಿ."

"ನೀರು ಬೆರಸಾಕ ನಾವೇನು ಕಳ್ಳರೇನ? ಹಿಡಿ ಕೈ!"

ದಿನಕ್ಕೆರಡು ಸಲ, ಹಿಂಡುವ ಮೊದಲು, ಸೊಸೆಯ ಕೈಗೆ ಹಾಗೇ ಸುರಿದಳು. ಹದಿನೈದು ದಿನದಲ್ಲಿ ರಾಜೇಶ್ವರಿಯ ಅಂಗೈ ಸುಲಿದು, ಬೆರಳ ಸಂದಿ ಬಿರಿದು ಕೀವು ಕಂಡಿತು. "ಉರೀತೈತ್ರಿ" ಎಂದು ಅತ್ತರೆ, "ಉರೀತಂದ್ರ ಹುಳ ಸಾಯಾಕತ್ತಾವು" ಎಂದು ಇನ್ನಷ್ಟು ಸುರಿದಳು. ನಾನು ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ದೊಡ್ಡ ಎಮ್ಮೆಗೆ ಕೆಚ್ಚಲು ಬಾವು ಬಂತು, ಹಾಲು ಗಡ್ಡೆಗಡ್ಡೆಯಾಗಿ ಬಿತ್ತು. ತಾರವ್ವ ಎದೆ ಬಡಿದುಕೊಂಡಳು. ದನದ ಡಾಕ್ಟರು ಮಹಾವೀರ ಬಂದವರು ಎಮ್ಮೆಯನ್ನು ನೋಡಿ, ಆಮೇಲೆ ರಾಜೇಶ್ವರಿಯ ಕೈ ನೋಡಿ ಕೆಂಡವಾದರು.

"ಬಾವು ಈ ಕೀವಿನ ಕೈಯಿಂದನ ಹತ್ತಿರಬೇಕು. ನೀರು ಬೆರಸದ ಹಾಕಿದ್ರ ಔಷಧ ಚರ್ಮಾ ಸುಡ್ತೈತಿ. ಸುಟ್ಟ ಚರ್ಮದಾಗ ರೋಗ ಮನಿ ಮಾಡ್ತೈತಿ. ಸಾಬೂನು ಹಚ್ಚಿ ತೊಳದಿದ್ರೂ ನಡೀತಿತ್ತಲ್ಲವ್ವಾ! ಮೊದ್ಲ ಇಕಿನ್ನ ದವಾಖಾನಿಗೆ ಕರ್ಕೊಂಡು ಹೋಗ್ರಿ."

ಇಷ್ಟು ಮಾತಿನಲ್ಲಿ ತಾರವ್ವನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. "ನಿನ್ನ ಹೊಲಸು ಕೈಲೆ ನನ್ನ ಎಮ್ಮಿ ಕೆಡ್ತು" ಎಂದು ಡಾಕ್ಟರ ಎದುರೇ ಸೊಸೆಯ ಮೇಲೆ ಹರಿಹಾಯ್ದಳು.

ಕೆಚ್ಚಲಿಗೆ ಹಚ್ಚಲು ಡಾಕ್ಟರು ಮುಲಾಮು ಕೊಟ್ಟು ಹೋದರು. ಸಂಜೆ ತಾರವ್ವ ಬೆಚ್ಚನೆಯ ನೀರಲ್ಲಿ ಕೆಚ್ಚಲು ತೊಳೆದು, "ತಡಕೋ ನನ್ನವ್ವಾ, ತಡಕೋ" ಎನ್ನುತ್ತ ಮೆತ್ತಗೆ ಹಚ್ಚಿದಳು. ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ರಾಜೇಶ್ವರಿ ಎರಡೂ ಕೈ ಚಾಚಿಕೊಂಡು ಹತ್ತಿರ ಬಂದಳು.

"ಒಂಚೂರು ನನಗೂ ಹಚ್ರಿ, ಅತ್ತಿ."

ತಾರವ್ವ ಮುಲಾಮಿನ ಟ್ಯೂಬಿಗೆ ಮುಚ್ಚಳ ತಿರುವಿ, ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಮೂಲೆಯಲ್ಲಿದ್ದ ಔಷಧದ ಬಾಟಲಿಯನ್ನು ಕಾಲಲ್ಲಿ ಸೊಸೆಯ ಕಡೆ ಸರಿಸಿದಳು.

"ಇದು ಎಮ್ಮಿಗೆ ತಂದಿದ್ದು. ನೀ ಕೈ ತೊಳಕೊಂಡು ಬಾ, ಸಣ್ಣ ಎಮ್ಮಿ ಹಿಂಡೂದೈತಿ."